ಮುಖಕ್ಕೆ ಸೊಪ್ಪುಸದೆ: ಮೊದಲ ಸುಕ್ಕು ಕಂಡಾಗ ಮಲೆನಾಡಿನ ಲೇಪಗಳು

ಎಲೆ, ಬೇರು, ತೊಗಟೆ, ಕಾಯಿ, ಬೀಜಗಳಲ್ಲಿ ಯಾವುದನ್ನಾದರೂ ಅರೆದೋ, ತೇಯ್ದೋ, ಪುಡಿ ಮಾಡಿಯೋ ನೀರು, ಹಾಲು, ಮೊಸರು, ಜೇನುತುಪ್ಪದಲ್ಲಿ ಕಲಸಿ ಸ್ವಲ್ಪ ಹೊತ್ತು ಮುಖದ ಮೇಲಿಟ್ಟು ತೊಳೆದುಕೊಳ್ಳುವುದೇ ಸಸ್ಯಮೂಲದ ಮುಖಲೇಪ. ಬ್ಯೂಟಿ ಪಾರ್ಲರುಗಳಲ್ಲಿ ಇದಕ್ಕೆ ಫೇಸ್ ಪ್ಯಾಕ್, ಫೇಸ್ ಮಾಸ್ಕ್ ಅನ್ನುತ್ತಾರೆ. ಸುಕ್ಕು ತಡೆಯುತ್ತದೆ, ಕಲೆ ಅಳಿಸುತ್ತದೆ ಎಂದು ಮಾರುವ ಲೇಪದ ಡಬ್ಬಿಗಳ ಮೇಲೆ ಬರೆದಿರುವ ಗಿಡಗಳಲ್ಲಿ ಹಲವು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಮನೆಯ ಹಿತ್ತಲಲ್ಲೇ ಇವೆ. ನರಸಿಂಹರಾಜಪುರ ತಾಲ್ಲೂಕಿನ ಶೆಟ್ಟಿಕೊಪ್ಪದಂಥ ಊರಲ್ಲಿ ಅಡಿಕೆ ತೋಟದ ಬಸಿಗಾಲುವೆಯ ಅಂಚಿಗೆ ಹೋದರೆ ಒಂದೆಲಗ, ಬಚ್ಚಲ ನೀರು ಹರಿಯುವಲ್ಲಿ ಅರಿಶಿನ, ಜಗಲಿಯ ಕುಂಡದಲ್ಲಿ ಲೋಳೆಸರ ಸಿಗುತ್ತವೆ. ಇವನ್ನು ಹಚ್ಚಿದರೆ ಏನಾಗುತ್ತದೆ, ಏನಾಗುವುದಿಲ್ಲ, ಹಚ್ಚಿ ನೋಡುವುದಾದರೆ ಹೇಗೆ ಎಂಬುದು ಈ ಲೇಖನದ ವಿಷಯ.

ಮೊದಲ ಗುರುತುಗಳು

ನಗುವಾಗ ಕಣ್ಣಿನ ಬದಿಗೆ ಮೂಡುವ ಗೆರೆ ನಗು ನಿಂತ ಮೇಲೂ ಉಳಿದುಕೊಂಡರೆ ಅದು ಮೊದಲ ಗುರುತು. ಹಣೆಯ ಅಡ್ಡಗೆರೆ, ಮೂಗಿನಿಂದ ಬಾಯಿಯ ಕೊನೆಗೆ ಇಳಿಯುವ ಮಡಿಕೆ, ಕೆನ್ನೆಯ ಮೇಲಿನ ಕಂದು ಕಲೆ, ಮುಖದ ಕಳೆಗುಂದಿದ ಬಣ್ಣ ಅದರ ಹಿಂದೆಯೇ ಬರುತ್ತವೆ. ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನು ಕೊಲಾಜೆನ್. ವಯಸ್ಕರಲ್ಲಿ ಇದು ವರ್ಷಕ್ಕೆ ಸುಮಾರು ಶೇ 1ರಷ್ಟು ಕರಗುತ್ತ ಹೋಗುತ್ತದೆ. ಎಳೆದರೆ ಮತ್ತೆ ಕೂರುವ ಗುಣ ಕೊಡುವ ಎಲಾಸ್ಟಿನ್ ಎಳೆಗಳು ಬಿಸಿಲಿಗೆ ಹಾಳಾಗುತ್ತವೆ. ಹೊಸ ಜೀವಕೋಶಗಳು ತಳದಿಂದ ಮೇಲೆ ಬಂದು ಉದುರುವ ಚಕ್ರ ಎಳೆಯರಲ್ಲಿ ಸುಮಾರು 28 ದಿನ. ವಯಸ್ಸಾದಂತೆ ಅದೂ ನಿಧಾನವಾಗುತ್ತದೆ.

ನಮ್ಮ ಮೈಬಣ್ಣದವರಿಗೆ ಇಲ್ಲಿ ಒಂದು ಅನುಕೂಲ, ಒಂದು ಅನನುಕೂಲ. ಚರ್ಮದಲ್ಲಿ ಮೆಲನಿನ್ ಹೆಚ್ಚಿರುವುದರಿಂದ ಬಿಳಿ ಚರ್ಮದವರಿಗಿಂತ ಸುಕ್ಕು ತಡವಾಗಿ ಬರುತ್ತದೆ. ಆದರೆ ಬಣ್ಣದ ಏರುಪೇರು ಬೇಗ ಬರುತ್ತದೆ. ಊರ ಹೆಂಗಸರು ಬಂಗು ಎನ್ನುವ ಕೆನ್ನೆ, ಹಣೆ, ಮೇಲ್ದುಟಿಯ ಕಂದುಛಾಯೆ ಇದರಲ್ಲಿ ಮುಖ್ಯವಾದದ್ದು. ಬಸಿರು, ಬಿಸಿಲು, ಹಾರ್ಮೋನುಗಳ ಏರಿಳಿತ, ಮನೆತನದ ಗುಣ ಎಲ್ಲವೂ ಸೇರಿ ಬಂಗು ಬರುತ್ತದೆ. ಹಾಗಾಗಿ ಇಲ್ಲಿ ಮೂವತ್ತೈದರ ಹೆಂಗಸು ಕನ್ನಡಿಯಲ್ಲಿ ಕಂಡು ಬೇಸರಪಡುವುದು ಗೆರೆಗಿಂತ ಹೆಚ್ಚಾಗಿ ಕಲೆಯನ್ನು. ವಿದೇಶಿ ಕಂಪನಿಗಳ ಸುಕ್ಕಿನ ಜಾಹೀರಾತು ನಮಗೆ ಅರ್ಧ ಮಾತ್ರ ಅನ್ವಯಿಸುತ್ತದೆ.

ಮಲೆನಾಡಿನ ಬದುಕಿಗೇ ಸೇರಿದ ಕಾರಣಗಳೂ ಇವೆ. ಅಂಗಳದಲ್ಲಿ ಅಡಿಕೆ ಹರವಿ, ದಿನಕ್ಕೆ ನಾಲ್ಕು ಸಲ ಕೆದರುವ ಕೆಲಸ ನೆತ್ತಿಯ ಬಿಸಿಲಿನದು. ಅಡಿಕೆ ಬೇಯಿಸುವ ಹಂಡೆಯ ಮುಂದೆ, ಬಚ್ಚಲೊಲೆಯ ಮುಂದೆ ಕೂರುವವರ ಮುಖಕ್ಕೆ ಹೊಗೆ ಮತ್ತು ಶಾಖ ಎರಡೂ ತಾಗುತ್ತವೆ. ಚೀನಾದ ಹೆಂಗಸರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೌದೆ, ಕಲ್ಲಿದ್ದಲಿನಂಥ ಉರುವಲಿನ ಒಲೆಗೂ ಮುಖದ ಸುಕ್ಕಿಗೂ ನಂಟು ಕಂಡಿದೆ. ಮಳೆಗಾಲದಲ್ಲಿ ಬಟ್ಟೆಯೇ ಒಣಗದಷ್ಟು ತೇವ, ಮಾಗಿಯಲ್ಲಿ ತುಟಿ ಹಿಮ್ಮಡಿ ಒಡೆಯುವಷ್ಟು ಒಣಗಾಳಿ. ಒಂದೇ ಲೇಪ ವರ್ಷವಿಡೀ ಹೊಂದುವುದು ಈ ಸೀಮೆಯಲ್ಲಿ ಕಷ್ಟ.

ವಾಗ್ಭಟನ ಆರು ಲೇಪಗಳು

ಒಂದೇ ಲೇಪ ವರ್ಷವಿಡೀ ಹೊಂದದು ಎಂಬುದನ್ನು ಸುಮಾರು 7ನೆಯ ಶತಮಾನದ ಆಯುರ್ವೇದ ಗ್ರಂಥಕಾರ ವಾಗ್ಭಟ ಆಗಲೇ ಗಮನಿಸಿದ್ದ. ಅವನ ಅಷ್ಟಾಂಗಹೃದಯದ ಸೂತ್ರಸ್ಥಾನದ 22ನೆಯ ಅಧ್ಯಾಯ ಬಾಯಿ ಮುಕ್ಕಳಿಸುವ ವಿಧಾನಗಳ ಜೊತೆಗೆ ಮುಖಲೇಪವನ್ನೂ ವಿವರಿಸುತ್ತದೆ. ದೋಷ ಕಳೆಯುವುದು, ವಿಷ ಕಳೆಯುವುದು, ಬಣ್ಣ ಕೊಡುವುದು ಎಂದು ಲೇಪ ಮೂರು ಬಗೆ. ಮೂರಕ್ಕೂ ಬೇರೆ ಬೇರೆ ದಪ್ಪ: ಕಾಲು ಅಂಗುಲ, ಮೂರನೆಯ ಒಂದು ಅಂಗುಲ, ಅರ್ಧ ಅಂಗುಲ. ಒಂದು ಅಂಗುಲವನ್ನು ಸುಮಾರು 2 ಸೆಂಟಿಮೀಟರ್ ಎಂದು ಹಿಡಿದರೆ ಬಣ್ಣದ ಲೇಪ ಹತ್ತಿರ ಹತ್ತಿರ 1 ಸೆಂಟಿಮೀಟರ್ ದಪ್ಪವಾಯಿತು. ಈಗ ನಾವು ಬೆರಳ ತುದಿಯಲ್ಲಿ ಸವರುವ ಪದರಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಆಮೇಲೆ ಬರುವುದು ಋತುವಿಗೊಂದರಂತೆ ಆರು ಪಾಕ. ಹೇಮಂತಕ್ಕೆ ಬೋರೆಹಣ್ಣಿನ ಬೀಜದ ತಿರುಳು, ಆಡುಸೋಗೆಯ ಬೇರು, ಲೋಧ್ರದ ತೊಗಟೆ, ಬಿಳಿ ಸಾಸಿವೆ. ಶಿಶಿರದ ಪಾಕದಲ್ಲಿ ಕರಿಎಳ್ಳು, ಮರದರಿಶಿನದ ತೊಗಟೆ, ಸಿಪ್ಪೆ ತೆಗೆದ ಜವೆಗೋಧಿ ಇವೆ. ವಸಂತಕ್ಕೆ ದರ್ಭೆಯ ಬೇರು, ಗಂಧ, ಲಾವಂಚ, ಅಕ್ಕಿ. ಬೇಸಗೆಗೆ ನೈದಿಲೆಗಳು, ಗರಿಕೆ, ಅತಿಮಧುರ, ಗಂಧ; ಮಳೆಗಾಲಕ್ಕೆ ಎಳ್ಳು, ಲಾವಂಚ, ಜಟಾಮಾಂಸಿ; ಶರತ್ತಿಗೆ ತಾಲೀಸಪತ್ರ, ಅತಿಮಧುರ, ಅಗರು. ಚಳಿಯಲ್ಲಿ ಎಣ್ಣೆಯಂಶದ ಬೀಜಗಳು, ಬೇಸಗೆಯಲ್ಲಿ ನೀರಲ್ಲಿ ಬೆಳೆಯುವ ತಂಪು ಹೂಗಳು. ಗ್ರಂಥದ ಭಾಷೆ ಗೊತ್ತಿಲ್ಲದ ಅಜ್ಜಿಯೂ ಒಪ್ಪುವ ಲೆಕ್ಕ ಇದು.

ಇದಕ್ಕಿಂತ ಉಪಯುಕ್ತವಾದದ್ದು ಅಲ್ಲಿಯ ಎಚ್ಚರಿಕೆಗಳು. ಲೇಪ ಒಣಗುವ ತನಕ ಬಿಡಬಾರದು, ಒಣಗಿದರೆ ಕಾಂತಿಯನ್ನೇ ಕೆಡಿಸುತ್ತದೆ. ತೆಗೆಯುವಾಗ ನೆನೆಸಿ ತೆಗೆಯಬೇಕು, ತೆಗೆದ ಮೇಲೆ ಎಣ್ಣೆ ಸವರಬೇಕು. ಲೇಪ ಇದ್ದಾಗ ಹಗಲು ನಿದ್ದೆ, ಹೆಚ್ಚು ಮಾತು, ಬೆಂಕಿ, ಬಿಸಿಲು, ದುಃಖ, ಸಿಟ್ಟು ಕೂಡದು. ನೆಗಡಿ, ಅಜೀರ್ಣ ಇದ್ದವರಿಗೆ, ರಾತ್ರಿ ನಿದ್ದೆಗೆಟ್ಟವರಿಗೆ ಲೇಪವೇ ಬೇಡ. ಪಾರ್ಲರುಗಳಲ್ಲಿ ಮುಖ ಬಿರುಕುಬಿಟ್ಟ ಕೆರೆಯಂಗಳ ಆಗುವವರೆಗೂ ಮುಲ್ತಾನಿ ಮಿಟ್ಟಿ ಒಣಗಿಸುವ ಪದ್ಧತಿ ಇದೆಯಲ್ಲ, ಅದು ಈ ನಿಯಮಕ್ಕೆ ನೇರ ವಿರುದ್ಧ. ಇಂದಿನ ಚರ್ಮವೈದ್ಯರೂ ಒಣಗಿಸಬೇಡಿ ಎಂದೇ ಹೇಳುತ್ತಾರೆ. ಒಣಗುವ ಜೇಡಿ ಚರ್ಮದ ಮೇಲ್ಪದರದ ನೀರನ್ನೂ ಎಣ್ಣೆಯನ್ನೂ ಹೀರಿಕೊಳ್ಳುತ್ತದೆ. ಆಗ ಆಗುವ ಬಿಗಿತವನ್ನು ಸುಕ್ಕು ಹೋಯಿತೆಂದು ತಿಳಿಯುವುದು ಭ್ರಮೆ.

ಚರಕಸಂಹಿತೆ ಮುಪ್ಪು ತಡೆಯುವ ಹತ್ತು ದ್ರವ್ಯಗಳನ್ನು ವಯಃಸ್ಥಾಪನ ಎಂಬ ಗುಂಪಿನಲ್ಲಿ ಹೆಸರಿಸುತ್ತದೆ. ಅದರಲ್ಲಿ ಅಮೃತಬಳ್ಳಿ, ಅಳಲೆ, ನೆಲ್ಲಿ, ಪುನರ್ನವ ಇವೆ. ಮಂಡೂಕಪರ್ಣಿಯೂ ಇದೆ; ಅದೇ ನಮ್ಮ ಒಂದೆಲಗ. ಬಣ್ಣ ಕೊಡುವ ವರ್ಣ್ಯ ಗುಂಪು ಬೇರೆ. ಗಂಧ, ಲಾವಂಚ, ಅತಿಮಧುರ, ಮಂಜಿಷ್ಠ, ಸೊಗದೆ ಬೇರು ಅದರಲ್ಲಿ ಬರುತ್ತವೆ. ಒಂದೆಲಗವನ್ನು ಆಯುರ್ವೇದ ಮುಖ್ಯವಾಗಿ ಹೊಟ್ಟೆಗೆ ಕೊಡುವ ರಸಾಯನವಾಗಿ ಬಳಸಿತು. ಹಾಗೆ ನೋಡಿದರೆ ಮಧ್ಯಾಹ್ನದ ಊಟದ ಒಂದೆಲಗದ ತಂಬುಳಿ ಗ್ರಂಥಕ್ಕೆ ಫೇಸ್ ಪ್ಯಾಕಿಗಿಂತ ಹತ್ತಿರ.

ಹಿತ್ತಲಿನ ಸರಕು

ಒಂದೆಲಗವನ್ನೇ ಮೊದಲು ನೋಡೋಣ, ಏಕೆಂದರೆ ಸುಕ್ಕಿನ ವಿಷಯದಲ್ಲಿ ಪ್ರಯೋಗಶಾಲೆಯ ಬೆಂಬಲ ಇರುವ ಹಿತ್ತಲ ಗಿಡ ಇದು. ತುಳುವಿನಲ್ಲಿ ತಿಮರೆ, ಸಸ್ಯಶಾಸ್ತ್ರದಲ್ಲಿ ಸೆಂಟೆಲ್ಲಾ ಏಷಿಯಾಟಿಕಾ. ಕೊರಿಯಾದ ಕಂಪನಿಗಳು ಸಿಕಾ ಎಂಬ ಹೆಸರಿನಲ್ಲಿ ಲೋಕಕ್ಕೆಲ್ಲ ಮಾರುತ್ತಿರುವುದು ಇದೇ ಸೊಪ್ಪಿನ ಸಾರ. ಇದರಲ್ಲಿರುವ ಏಷಿಯಾಟಿಕೊಸೈಡ್, ಮ್ಯಾಡೆಕ್ಯಾಸೊಸೈಡ್ ಎಂಬ ಅಂಶಗಳು ಪ್ರಯೋಗಶಾಲೆಯಲ್ಲಿ ಬೆಳೆಸಿದ ಚರ್ಮಕೋಶಗಳಲ್ಲಿ ಕೊಲಾಜೆನ್ ತಯಾರಿಯನ್ನು ಹೆಚ್ಚಿಸುತ್ತವೆ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಿಸಿಲಿಗೆ ಮಾಗಿದ ಚರ್ಮದ ಹೆಂಗಸರು ಶೇ 5ರಷ್ಟು ಸಿ ಜೀವಸತ್ವ ಮತ್ತು ಶೇ 0.1ರಷ್ಟು ಮ್ಯಾಡೆಕ್ಯಾಸೊಸೈಡ್ ಇದ್ದ ಕ್ರೀಮನ್ನು ಆರು ತಿಂಗಳು ಹಚ್ಚಿಕೊಂಡರು. ಸುಕ್ಕು, ಚರ್ಮದ ಬಿಗಿ ಎರಡರಲ್ಲೂ ಸುಧಾರಣೆ ಕಂಡಿತು. ಇಲ್ಲಿ ಮೂರು ವಿಷಯ ಮರೆಯಬಾರದು: ಅದು ಶುದ್ಧಗೊಳಿಸಿದ ಅಂಶ, ಜೊತೆಗೆ ಸಿ ಜೀವಸತ್ವ ಇತ್ತು, ಅದು ಮೈಮೇಲೆ ಹಾಗೇ ಉಳಿಯುವ ಕ್ರೀಮು. ಹದಿನೈದು ನಿಮಿಷಕ್ಕೆ ತೊಳೆದುಹಾಕುವ ಸೊಪ್ಪಿನ ಗೊಜ್ಜಲ್ಲ.

ಲೋಳೆಸರದ ತಿರುಳಿನಲ್ಲಿ ಶೇ 98ಕ್ಕೂ ಹೆಚ್ಚು ನೀರು. ಉಳಿದ ಸ್ವಲ್ಪದಲ್ಲಿ ನೀರು ಹಿಡಿದಿಡುವ ಸಕ್ಕರೆಸರಣಿಗಳಿವೆ. ಹಚ್ಚಿದೊಡನೆ ತಂಪು, ಚರ್ಮ ನೀರು ಕುಡಿದು ಉಬ್ಬುವುದರಿಂದ ಸೂಕ್ಷ್ಮ ಗೆರೆಗಳು ಕೆಲವು ತಾಸು ಮಾಸಿದಂತೆ ಕಾಣುತ್ತವೆ. ಎಲೆ ಕೊಯ್ದಾಗ ಸಿಪ್ಪೆಯ ಕೆಳಗಿಂದ ಒಸರುವ ಹಳದಿ ರಸ ಮಾತ್ರ ಕೆಲವರಿಗೆ ತುರಿಕೆ ತರುತ್ತದೆ. ಎಲೆಯನ್ನು ಬುಡ ಕೆಳಗಾಗಿ ಹದಿನೈದು ನಿಮಿಷ ನಿಲ್ಲಿಸಿ ಅದನ್ನು ಬಸಿಯಬೇಕು.

ಅರಿಶಿನದ ಕರ್ಕ್ಯುಮಿನ್ ಉರಿ ತಗ್ಗಿಸುವುದು ನಿಜ, ಆದರೆ ಒಣ ಅರಿಶಿನದಲ್ಲಿ ಅದು ಇರುವುದು ಶೇ 2ರಿಂದ 5ರಷ್ಟು. ನೀರಿನಲ್ಲಿ ಕರಗುವುದಿಲ್ಲ, ಬೆಳಕಿಗೆ ಬೇಗ ಕೆಡುತ್ತದೆ, ಹಳದಿ ಬಣ್ಣ ಎರಡು ದಿನ ಬಿಡುವುದಿಲ್ಲ. ಮುಖಕ್ಕೆಂದೇ ಇರುವ ಕಸ್ತೂರಿ ಅರಿಶಿನ ಬೇರೆ ಜಾತಿ. ಕರ್ಪೂರದಂಥ ವಾಸನೆ, ಕಲೆ ಕಡಿಮೆ, ಅಡುಗೆಗೆ ಬರುವುದಿಲ್ಲ. ಕೇರಳದಿಂದ ಬಂದು ನರಸಿಂಹರಾಜಪುರದ ಸುತ್ತ ರಬ್ಬರ್ ತೋಟ ಮಾಡಿದ ಕುಟುಂಬಗಳಿಗೆ ಇದು ಕಸ್ತೂರಿಮಂಞಳ್ ಎಂದು ಚೆನ್ನಾಗಿ ಗೊತ್ತು. ಪೇಟೆಯ ಪೊಟ್ಟಣದಲ್ಲಿ ಮಾತ್ರ ಈ ಹೆಸರಿನಲ್ಲಿ ಬೇರೆ ಅರಿಶಿನ ಜಾತಿಗಳ ಪುಡಿ ಬರುವುದುಂಟು.

ಗಂಧದ ಕೊರಡನ್ನು ಸಾಣೆಕಲ್ಲಿನ ಮೇಲೆ ತೇಯ್ದರೆ ಸಿಗುವ ನುಣ್ಣನೆಯ ಗಂಧ ಲೇಪಕ್ಕೆ ಹೇಳಿ ಮಾಡಿಸಿದ ಪದಾರ್ಥ. ಕಣ ಒರಟಿಲ್ಲ, ತಂಪು, ವಾಸನೆಗೆ ಮನಸ್ಸೂ ನೆಮ್ಮದಿ. ಸುಕ್ಕು ತೆಗೆಯುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಶ್ರೀಗಂಧದ ಇಂದಿನ ಬೆಲೆಗೆ ಅಗ್ಗದ ಪೊಟ್ಟಣದ ಚಂದನ ಪುಡಿಯಲ್ಲಿ ಶ್ರೀಗಂಧ ಎಷ್ಟಿದ್ದೀತು ಎಂಬುದನ್ನು ಓದುಗರೇ ಊಹಿಸಬಹುದು. ಮೊಸರಿನ ಲ್ಯಾಕ್ಟಿಕ್ ಆಮ್ಲ ಸತ್ತ ಜೀವಕೋಶಗಳನ್ನು ಸಡಿಲ ಮಾಡುತ್ತದೆ. ಮೊಸರಿನಲ್ಲಿ ಅದು ಶೇ 1ರ ಆಸುಪಾಸು, ಕ್ರೀಮುಗಳಲ್ಲಿ ಶೇ 5ರಿಂದ 10. ಜೇನುತುಪ್ಪ ತೇವ ಹಿಡಿಯುತ್ತದೆ, ಅಷ್ಟೇ.

ಇನ್ನು ಈ ಸೀಮೆಗೆ ವಿಶೇಷವಾದದ್ದು ಉಪ್ಪಾಗೆ ತುಪ್ಪ. ಮಳೆಗಾಲದಲ್ಲಿ ಕಾಡಿನಿಂದ ತಂದ ಉಪ್ಪಾಗೆ ಹಣ್ಣಿನ ಸಿಪ್ಪೆಯನ್ನು ಹೊಗೆಯಟ್ಟದ ಮೇಲೆ ಒಣಗಿಸಿ ಮಾರುತ್ತಾರೆ. ಉಳಿದ ಬೀಜವನ್ನು ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಅದನ್ನು ತೆಗೆದು ಆರಲು ಬಿಟ್ಟರೆ ಮೇಣದಂತೆ ಗಟ್ಟಿಯಾಗುತ್ತದೆ. ಮುರುಗಲ ಬೀಜದಿಂದಲೂ ಇಂಥದೇ ತುಪ್ಪ ಬರುತ್ತದೆ. ಸ್ಟಿಯರಿಕ್, ಒಲಿಯಿಕ್ ಆಮ್ಲಗಳು ತುಂಬಿರುವ ಈ ಕೊಬ್ಬು ಮೈಶಾಖದ ಹತ್ತಿರ ಕರಗುತ್ತದೆ, ಆಮೇಲೆ ಚರ್ಮದ ಮೇಲೆ ತೆಳುಪದರವಾಗಿ ಕೂತು ನೀರು ಆವಿಯಾಗುವುದನ್ನು ತಡೆಯುತ್ತದೆ. ಅಜ್ಜಿಯರು ಒಡೆದ ಹಿಮ್ಮಡಿಗೆ ಇದನ್ನು ಹಚ್ಚಿದರು. ಲೇಪ ತೊಳೆದ ಮೇಲೆ ಎಣ್ಣೆ ಸವರು ಎಂದ ವಾಗ್ಭಟನ ಮಾತಿಗೆ ಮಾಗಿಯಲ್ಲಿ ಇದಕ್ಕಿಂತ ಒಳ್ಳೆಯದನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಮೊಡವೆ ಏಳುವ ಎಣ್ಣೆಮುಖಕ್ಕೆ ಮಾತ್ರ ಬೇಡ.

ಚೊಗರು, ಕಾಫಿ ಗಸಿ

ಅಡಿಕೆ ಸುಲಿಯುವವರ ಬೆರಳು ಕಪ್ಪಾಗುವುದು, ಅಡಿಕೆ ಬೇಯಿಸಿದ ಚೊಗರು ಬಟ್ಟೆಗೆ ಬಣ್ಣ ಹಿಡಿಯುವುದು ಅದರಲ್ಲಿರುವ ಟ್ಯಾನಿನ್ನಿನಂಥ ಪಾಲಿಫಿನಾಲುಗಳಿಂದ. ಇದೇ ಪಾಲಿಫಿನಾಲುಗಳನ್ನು ಕೊರಿಯಾದ ಸಂಶೋಧಕರು 1999ರಿಂದ 2001ರ ತನಕ ಸೌಂದರ್ಯವರ್ಧಕಗಳ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಮುಪ್ಪು ತಡೆಯುವ ಹೊಸ ವಸ್ತು ಎಂದು ಮಂಡಿಸಿದರು. ಎಲಾಸ್ಟಿನ್ನನ್ನು ಕತ್ತರಿಸುವ ಎಲಾಸ್ಟೇಸ್ ಎಂಬ ಕಿಣ್ವವನ್ನೂ ಚರ್ಮದ ತೇವ ಕಾಯುವ ಹಯಾಲುರೋನಿಕ್ ಆಮ್ಲವನ್ನು ಒಡೆಯುವ ಇನ್ನೊಂದು ಕಿಣ್ವವನ್ನೂ ಅಡಿಕೆಯ ಸಾರ ತಡೆಯಿತು. ಕೊಪ್ಪ, ಶೃಂಗೇರಿಯ ತೋಟದವರಿಗೆ ಇದು ಕೇಳಲು ಹಿತವಾದ ಸುದ್ದಿ. ಹಾಗೆಂದು ಹಂಡೆಯ ಚೊಗರು ತಂದು ಮುಖಕ್ಕೆ ಬಳಿದುಕೊಂಡರೆ ಸಿಗುವುದು ಕಲೆ, ಒಗರು ಮತ್ತು ಬೇರ್ಪಡದೆ ಉಳಿದ, ಅರೆಕೊಲಿನ್ ಎಂಬ ಅಡಿಕೆಯ ಉತ್ತೇಜಕ ವಸ್ತು. ಅಡಿಕೆ ಜಗಿಯುವುದು ಬಾಯಿಯ ಒಳಚರ್ಮವನ್ನು ಗಟ್ಟಿಗೊಳಿಸಿ ಬಾಯಿ ತೆರೆಯದಂತೆ ಮಾಡುವ ಕಾಯಿಲೆಗೆ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ವರ್ಗೀಕರಿಸಿತು. ಹೊರಚರ್ಮಕ್ಕೆ ಹಚ್ಚುವ ಶುದ್ಧ ಸಾರದ ಮಾತು ಬೇರೆ, ತೋಟದ ಅಡಿಕೆಯ ಮಾತು ಬೇರೆ.

ಕಾಫಿಗೂ ಈ ಸೀಮೆಗೂ ಸಂಶೋಧನೆಯ ನಂಟು ಹಳೆಯದು. 1915ರಲ್ಲಿ ಕೊಪ್ಪದ ಬಳಿ ತಾತ್ಕಾಲಿಕವಾಗಿ ಶುರುವಾದ ಕಾಫಿ ಪ್ರಯೋಗ ಘಟಕವೇ 1925ರಲ್ಲಿ ಬಾಳೆಹೊನ್ನೂರಿನ ಕೇಂದ್ರವಾಗಿ ಬೆಳೆಯಿತು. ಅಲ್ಲಿ ನಡೆಯುವುದು ಗಿಡದ ಕೆಲಸ, ಮುಖದ ಕೆಲಸವಲ್ಲ. ಕಾಫಿ ಸೋಸಿದ ಗಸಿಯಿಂದ ಮುಖ ಉಜ್ಜುವ ಅಭ್ಯಾಸ ಈಚಿನದು, ಮೊಬೈಲಿನಿಂದ ಕಲಿತದ್ದು. ಗಸಿಯ ಕಣ ಚೂಪು, ಮುಖದ ಚರ್ಮಕ್ಕೆ ಅದು ಒರಟು. ಮೊಣಕೈಗೆ, ಹಿಮ್ಮಡಿಗೆ ಆದೀತು.

ಚರ್ಮ ಎಷ್ಟು ಒಳಗೆ ಬಿಡುತ್ತದೆ

ಮುಖದ ಮೇಲೆ ಏನನ್ನೇ ಹಚ್ಚಿದರೂ ಅದು ಮೊದಲು ಎದುರಿಸುವುದು ಸತ್ತ ಜೀವಕೋಶಗಳ ಹೊರಪದರವನ್ನು. ದಪ್ಪ 10ರಿಂದ 20 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ನೂರನೆಯ ಒಂದೆರಡು ಭಾಗ. ಇಷ್ಟು ತೆಳುವಾದರೂ ಅದರ ಕೆಲಸವೇ ಹೊರಗಿನದನ್ನು ಹೊರಗಿಡುವುದು. ಅಣುತೂಕ 500 ಡಾಲ್ಟನ್ ಮೀರಿದ ವಸ್ತುಗಳು ಇದನ್ನು ದಾಟುವುದು ಬಹಳ ಕಷ್ಟ ಎಂದು 2000ನೇ ಇಸವಿಯಲ್ಲಿ ಇಬ್ಬರು ಡಚ್ ವಿಜ್ಞಾನಿಗಳು ವಾದಿಸಿದರು. ಔಷಧ ತಯಾರಕರು ಈಗಲೂ ಈ ಅಳತೆ ಹಿಡಿದೇ ಲೆಕ್ಕ ಹಾಕುತ್ತಾರೆ.

ಈ ಗೇಣಿನಲ್ಲಿ ಅಳೆದರೆ ಕರ್ಕ್ಯುಮಿನ್ ಸುಮಾರು 368, ದಾಟಬಹುದು, ಆದರೆ ನೀರಲ್ಲಿ ಕಲಸಿದರೆ ಕರಗುವುದೇ ಇಲ್ಲ. ಒಂದೆಲಗದ ಏಷಿಯಾಟಿಕೊಸೈಡ್ ಸುಮಾರು 959. ನೆಲ್ಲಿಕಾಯಿಯ ಸಿ ಜೀವಸತ್ವ ಬರೀ 176, ಆದರೂ ದ್ರಾವಣದ ಆಮ್ಲತೆ ಸಾಕಷ್ಟು ಹೆಚ್ಚಿದ್ದರೆ, ಪಿಎಚ್ 3.5ಕ್ಕಿಂತ ಕೆಳಗಿದ್ದರೆ ಮಾತ್ರ ಒಳಗೆ ಹೋಗುತ್ತದೆ. ಲೋಳೆಸರದ ಸಕ್ಕರೆಸರಣಿಗಳು, ದುಬಾರಿ ಮಾಸ್ಕುಗಳಲ್ಲಿ ಬರುವ ಕೊಲಾಜೆನ್ ಎಲ್ಲ ದೈತ್ಯ ಗಾತ್ರದವು, ಮೇಲೆಯೇ ಉಳಿಯುತ್ತವೆ. ಹೀಗಾಗಿ ಮನೆಯ ಲೇಪದಿಂದ ಖಾತ್ರಿಯಾಗಿ ಸಿಗುವುದು ಮೇಲ್ಪದರದ ಲಾಭ: ಕೊಳೆ, ಹೆಚ್ಚಿನ ಎಣ್ಣೆ ಹೋಗುತ್ತದೆ, ನೀರಿನಂಶ ಏರುತ್ತದೆ, ಬೆಳಕು ಮುಖದ ಮೇಲೆ ಸಮವಾಗಿ ಬಿದ್ದು ಹೊಳಪು ಕಾಣುತ್ತದೆ. ಮದುವೆಮನೆಗೆ ಹೊರಡುವ ಮುಂಚೆ ಹಚ್ಚಿಕೊಳ್ಳಲು ಇಷ್ಟು ಸಾಕು. ಕೊಲಾಜೆನ್ ಇರುವ ಒಳಪದರದಲ್ಲಿ ಬದಲಾವಣೆ ಬೇಕೆಂದರೆ ತಿಂಗಳುಗಟ್ಟಲೆ ಮೈಮೇಲೇ ಉಳಿಯುವ ವಸ್ತು ಬೇಕು.

ಬಾವಂಚಿ

ಅಂಥ ಒಂದು ವಸ್ತು ನಮ್ಮ ಗ್ರಂಥಿಗೆ ಅಂಗಡಿಯ ಬೀಜದಿಂದಲೇ ಬಂದಿದೆ. ಬಾವಂಚಿ ಬೀಜದಿಂದ ತೆಗೆಯುವ ಬಕುಚಿಯೋಲ್ ಅನ್ನು ಸುಕ್ಕಿಗೆ ಹೆಸರಾದ ರೆಟಿನಾಲಿಗೆ ಎದುರಿಟ್ಟು ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಬ್ರಿಟನ್ನಿನ ಚರ್ಮವೈದ್ಯ ಪತ್ರಿಕೆಯಲ್ಲಿ ಬಂತು. 44 ಜನ, 12 ವಾರ, ಎರಡೂ ಶೇ 0.5. ಸುಕ್ಕು ಮತ್ತು ಕಲೆ ಎರಡರಲ್ಲೂ ಫಲ ಸರಿಸಮ. ರೆಟಿನಾಲ್ ಹಚ್ಚಿದವರಿಗೆ ಸಿಪ್ಪೆ ಏಳುವುದು, ಉರಿ ಹೆಚ್ಚು.

ಇದನ್ನು ಓದಿ ಬಾವಂಚಿ ಬೀಜ ತಂದು ಅರೆದು ಹಚ್ಚುವುದು ಅಪಾಯ. ಬೀಜದಲ್ಲಿ ಸೊರಾಲೆನ್ ಎಂಬ ವಸ್ತುವೂ ಇದೆ. ತೊನ್ನಿನ ಚಿಕಿತ್ಸೆಯಲ್ಲಿ ಬಾವಂಚಿ ಹಚ್ಚಿ ಬಿಸಿಲಿಗೆ ಕೂರಿಸುವುದು ಅದರ ಬಲದಿಂದಲೇ. ಚರ್ಮವನ್ನು ಅದು ಬಿಸಿಲಿಗೆ ವಿಪರೀತ ಸೂಕ್ಷ್ಮ ಮಾಡುತ್ತದೆ. ಮುಖಕ್ಕೆ ಹಚ್ಚಿ ಅಂಗಳಕ್ಕೆ ಇಳಿದರೆ ಬೊಬ್ಬೆ ಏಳಬಹುದು, ಬೊಬ್ಬೆ ಆರಿದ ಮೇಲೆ ತಿಂಗಳಾನುಗಟ್ಟಲೆ ಕಪ್ಪು ಉಳಿಯಬಹುದು. ಕ್ರೀಮಿಗೆ ಬಳಸುವ ಬಕುಚಿಯೋಲ್‌ನಲ್ಲಿ ಸೊರಾಲೆನ್ ತೆಗೆದಿರುತ್ತಾರೆ, ಒರಳಿನಲ್ಲಿ ಅದು ಸಾಧ್ಯವಿಲ್ಲ.

ಸೊಪ್ಪು ಎಂದಮಾತ್ರಕ್ಕೆ ಸಾಧುವಲ್ಲ

ಗಿಡಮರದ್ದೆಲ್ಲ ಸಾಧುವಲ್ಲ ಎಂದು ಕಾಡಿನ ಜನಕ್ಕೆ ಹೇಳಬೇಕಿಲ್ಲ. ಹೊಳಗೇರು ಮರದ ಸೊನೆ ತಾಗಿ ಮುಖ ಊದಿಕೊಂಡವರು, ಗೇರುಬೀಜದ ಎಣ್ಣೆಗೆ ಬೆರಳು ಸುಟ್ಟುಕೊಂಡವರು ಪ್ರತಿ ಊರಲ್ಲೂ ಇದ್ದಾರೆ. ಆದರೆ ನ್ಯಾಚುರಲ್ ಎಂಬ ಪದ ಡಬ್ಬಿಯ ಮೇಲೆ ಕಂಡೊಡನೆ ಈ ತಿಳಿವಳಿಕೆ ಮರೆತುಹೋಗುತ್ತದೆ. ಮುಖ್ಯವಾಗಿ ಎಚ್ಚರ ಬೇಕಾದದ್ದು ಲಿಂಬೆರಸದ ವಿಷಯದಲ್ಲಿ. ಅದರ ಆಮ್ಲ ಚರ್ಮಕ್ಕೆ ತೀಕ್ಷ್ಣ, ಸಿಪ್ಪೆಯ ಎಣ್ಣೆಯಲ್ಲಿ ಸೊರಾಲೆನ್‌ನ ಬಂಧುಗಳೇ ಇವೆ. ಬಂಗಿಗೆ ಲಿಂಬೆ ಉಜ್ಜಿ ಬಂಗನ್ನೇ ಹೆಚ್ಚಿಸಿಕೊಂಡವರು ಕಡಿಮೆಯಲ್ಲ. ಕಾಯಿಪರಂಗಿಯ ಹಾಲು, ಹಸಿ ಬೆಳ್ಳುಳ್ಳಿ, ದಾಲ್ಚಿನ್ನಿ ಪುಡಿ ಇವೂ ಮುಖಕ್ಕೆ ಬೇಡ. ಅರಿಶಿನ, ಗಂಧಕ್ಕೂ ಅಲರ್ಜಿ ಆಗುವವರಿದ್ದಾರೆ. ಕಂದು ಚರ್ಮದಲ್ಲಿ ಯಾವುದೇ ಉರಿ, ಅಲರ್ಜಿ ಮಾಯುವಾಗ ಕಪ್ಪು ಬಿಟ್ಟುಹೋಗುತ್ತದೆ. ಕಲೆ ತೆಗೆಯಲು ಹೋಗಿ ಹೊಸ ಕಲೆ ಮಾಡಿಕೊಳ್ಳುವ ದಾರಿ ಇದೇ.

ಬಿಸಿಲು ಮತ್ತು ಹಾಳೆಟೊಪ್ಪಿ

ಮುಖದ ಸುಕ್ಕಿನಲ್ಲಿ ವಯಸ್ಸಿನ ಪಾಲಿಗಿಂತ ಬಿಸಿಲಿನ ಪಾಲು ದೊಡ್ಡದು. 2012ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದು 28 ವರ್ಷ ಲಾರಿ ಓಡಿಸಿದ ಚಾಲಕನೊಬ್ಬನ ಚಿತ್ರ ಪ್ರಕಟಿಸಿತು. ಕಿಟಕಿಯ ಕಡೆಗಿದ್ದ ಅವನ ಎಡಗೆನ್ನೆ ಆಳ ಮಡಿಕೆಗಳಿಂದ ಜೋತುಬಿದ್ದಿತ್ತು, ಬಲಗೆನ್ನೆ ಅದಕ್ಕಿಂತ ಎಷ್ಟೋ ನುಣುಪಾಗಿತ್ತು. ಗಾಜು ತಡೆಯದ ಅತಿನೇರಳೆ ಎ ಕಿರಣದ ಕೆಲಸ ಅದು. ಬಲಕ್ಕೆ ಸ್ಟಿಯರಿಂಗ್ ಇರುವ ನಮ್ಮ ಘಾಟಿ ಬಸ್ಸುಗಳ ಚಾಲಕರಿಗೆ ಲೆಕ್ಕ ತಿರುಗುಮುರುಗು. ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮದ ಮುಪ್ಪು ಉಳಿದವರಿಗಿಂತ ಶೇ 24ರಷ್ಟು ಕಡಿಮೆ ಇತ್ತು. ಯಾವ ಮುಖಲೇಪದ ಹಿಂದೆಯೂ ಈ ಗಾತ್ರದ ಪುರಾವೆ ಇಲ್ಲ.

ಹಾಗಾಗಿ ಈ ಲೇಖಕನ ಅಭಿಪ್ರಾಯದಲ್ಲಿ ಈ ಸೀಮೆಯ ಅತ್ಯುತ್ತಮ ಸಸ್ಯಮೂಲ ಸೌಂದರ್ಯವರ್ಧಕ ಅಡಿಕೆ ಹಾಳೆಯ ಟೊಪ್ಪಿ. ಅದಕ್ಕೆ ಅಂಚು ಇನ್ನಷ್ಟು ಅಗಲ ಇದ್ದರೆ ಕೆನ್ನೆಗೂ ನೆರಳು. ಮೋಡದ ದಿನವೂ ಅತಿನೇರಳೆ ಬೆಳಕು ಸಾಕಷ್ಟು ಸೋರುತ್ತದೆ. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಕೆಟ್ಟದ್ದು. ಅವರು ಐರನ್ ಆಕ್ಸೈಡ್ ಬೆರೆತ, ಬಣ್ಣವಿರುವ ಸನ್‌ಸ್ಕ್ರೀನ್ ಕೇಳಿ ಪಡೆಯುವುದು ಒಳ್ಳೆಯದು.

ಹಚ್ಚಿ ನೋಡುವ ಬಗೆ

ಒಂದೆಲಗವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ದನ ನಿಲ್ಲುವ, ತೋಟಕ್ಕೆ ಔಷಧಿ ಹೊಡೆದ ಜಾಗದ ಸೊಪ್ಪು ಬೇಡ. ಬೋರ್ಡೋ ದ್ರಾವಣದ ಮೈಲುತುತ್ತ ಎಲೆಯ ಮೇಲೆ ಕೂತಿರುತ್ತದೆ. ಒಂದು ಹಿಡಿ ಎಲೆ ಮೂರ್ನಾಲ್ಕು ನೀರಲ್ಲಿ ತೊಳೆದು, ಕುದಿಸಿ ಆರಿಸಿದ ನೀರು ಚಿಮುಕಿಸಿ ನುಣ್ಣಗೆ ಅರೆದು, ತೆಳುಬಟ್ಟೆಯಲ್ಲಿ ಹಿಂಡಬೇಕು. ಆ ಹಸಿರು ರಸಕ್ಕೆ ಎರಡು ಚಮಚ ಜರಡಿ ಹಿಡಿದ ಹೆಸರುಹಿಟ್ಟು, ಅರ್ಧ ಚಮಚ ಜೇನುತುಪ್ಪ ಸೇರಿಸಿದರೆ ದೋಸೆಹಿಟ್ಟಿನ ಹದ ಬರುತ್ತದೆ. ಕೆಡದಂತೆ ಇಡುವ ವಸ್ತು ಏನೂ ಇಲ್ಲದಿರುವುದರಿಂದ ಉಳಿದದ್ದನ್ನು ಗಿಡದ ಬುಡಕ್ಕೆ ಸುರಿಯಬೇಕು. ಮಲೆನಾಡಿನ ಮಳೆಗಾಲದ ತೇವದಲ್ಲಿ ಒಂದೇ ದಿನದಲ್ಲಿ ಅದರಲ್ಲಿ ಬೂಸಲು ಬೆಳೆಯುತ್ತದೆ.

ಮೊದಲು ಮುಖಕ್ಕಲ್ಲ. ಮೊಣಕೈಯ ಒಳಮಡಿಕೆಯ ಹತ್ತಿರ ನಾಲ್ಕಾಣೆ ಗಾತ್ರದಷ್ಟು ಹಚ್ಚಿ, ತೊಳೆದು, ಮೂರು ದಿನ ಕಾಯಬೇಕು. ಅಲರ್ಜಿಯ ತುರಿಕೆ ಕೂಡಲೇ ಬರುವುದಿಲ್ಲ, 48ರಿಂದ 72 ತಾಸು ಹಿಡಿಯಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಅಂಟುಪಟ್ಟಿಯ ಪರೀಕ್ಷೆಯನ್ನೂ ಎರಡನೆಯ ದಿನ ಒಮ್ಮೆ, ನಾಲ್ಕನೆಯ ದಿನದ ಹೊತ್ತಿಗೆ ಇನ್ನೊಮ್ಮೆ ಓದುತ್ತಾರೆ. ಏನೂ ಆಗದಿದ್ದರೆ ಮುಖದ ಒಂದು ಬದಿಗೆ ಮಾತ್ರ ಹಚ್ಚಿ. ಎರಡೂ ಬದಿಗೆ ಹಚ್ಚಿದರೆ ಬದಲಾವಣೆ ಲೇಪದಿಂದಲೋ, ಬಿಸಿಲು ತಗ್ಗಿದ್ದರಿಂದಲೋ, ನಿದ್ದೆ ಚೆನ್ನಾಗಿ ಬಂದದ್ದರಿಂದಲೋ ಗೊತ್ತಾಗುವುದಿಲ್ಲ. ವಾರಕ್ಕೆ ಎರಡು ಸಲ, ಪ್ರತಿ ಸಲ ಹತ್ತು ಹದಿನೈದು ನಿಮಿಷ, ಕಣ್ಣಿನ ಸುತ್ತ ಬಿಟ್ಟು. ಅಂಚು ಒಣಗಲು ಶುರುವಾದೊಡನೆ ನೀರು ತಟ್ಟಿ ಮೆತ್ತಗೆ ಮಾಡಿ ತೊಳೆಯಿರಿ, ಉಜ್ಜಬೇಡಿ. ಹೀಗೆ ಹಚ್ಚಿ ನೋಡುವ ಎರಡು ಮೂರು ತಿಂಗಳು ಬೇರೆ ಹೊಸ ಕ್ರೀಮು ಬೇಡ.

ಹೋಲಿಸಿ ನೋಡಲು ಶುರುವಿನಲ್ಲೂ ಕೊನೆಯಲ್ಲೂ ಫೋಟೊ ಒಂದೇ ಕಿಟಕಿಯ ಬಳಿ, ಒಂದೇ ಹೊತ್ತಿನಲ್ಲಿ, ಲೇಪ ಹಚ್ಚದ ದಿನ ತೆಗೆಯಬೇಕು. ಲೇಪ ತೊಳೆದ ಕೂಡಲೇ ತೆಗೆದ ಚಿತ್ರದಲ್ಲಿ ಎಲ್ಲರೂ ಚಂದ ಕಾಣುತ್ತಾರೆ, ಜಾಹೀರಾತಿನವರು ಬಳಸುವುದೂ ಅದನ್ನೇ. ಮೊಬೈಲಿನ ಬ್ಯೂಟಿ ಮೋಡ್ ತೆಗೆದುಹಾಕುವುದು ಮರೆಯಬಾರದು. ಎಂಟರಿಂದ ಹನ್ನೆರಡು ವಾರದ ಮೇಲೆ ಎರಡು ಕೆನ್ನೆಗಳನ್ನು ಹೋಲಿಸಿ, ಯಾವ ಬದಿಗೆ ಹಚ್ಚಿದ್ದೆಂದು ಗೊತ್ತಿಲ್ಲದ ಇನ್ನೊಬ್ಬರಿಗೆ ತೋರಿಸಿ ಕೇಳುವುದು ಒಳ್ಳೆಯದು. ಹೆಚ್ಚಿನವರಿಗೆ ಸಿಗುವ ಉತ್ತರ ನುಣುಪು ಸ್ವಲ್ಪ ಹೆಚ್ಚಿದೆ, ಗೆರೆ ಅಲ್ಲೇ ಇದೆ ಎಂಬುದು. ಅದನ್ನು ಸೋಲು ಎನ್ನಲಾಗದು, ಲೇಪದ ಮಿತಿ ಅಷ್ಟು.

ಅಂಗಡಿಯ ಡಬ್ಬಿ

ಮಾರುವ ಲೇಪಗಳು ಎರಡು ಕಾನೂನಿನ ಅಡಿ ಬರುತ್ತವೆ. ಸೌಂದರ್ಯವರ್ಧಕ ಎಂದು ಮಾರಿದರೆ 2020ರ ಸೌಂದರ್ಯವರ್ಧಕ ನಿಯಮಗಳು, ಆಯುರ್ವೇದ ಔಷಧ ಎಂದು ಮಾರಿದರೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಆಯುರ್ವೇದ ಭಾಗ. ಎರಡರಲ್ಲೂ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ, ಬಳಸಿದ ವಸ್ತುಗಳ ಪಟ್ಟಿ ಇರಲೇಬೇಕು. ಜಾತ್ರೆಯಲ್ಲಿ, ವಾಟ್ಸ್ಯಾಪ್ ಗುಂಪಿನಲ್ಲಿ ಹೆಸರಿಲ್ಲದ ಡಬ್ಬಿಯಲ್ಲಿ ಬರುವ, ವಾರದಲ್ಲಿ ಬಂಗು ಮಾಯ ಎನ್ನುವ ಕ್ರೀಮು ನಿಜಕ್ಕೂ ವಾರದಲ್ಲಿ ಕೆಲಸ ಮಾಡಿದರೆ ಸಂತೋಷಪಡುವ ಬದಲು ಅನುಮಾನಪಡಬೇಕು. ಅಷ್ಟು ಬೇಗ ಬಿಳಿಚಿಸುವುದು ಸಾಮಾನ್ಯವಾಗಿ ಪಾದರಸ ಇಲ್ಲವೇ ಸ್ಟೀರಾಯ್ಡ್. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಅಪರೂಪದ ಕಾಯಿಲೆಯ ಪ್ರಕರಣಗಳು ಒಂದರ ಹಿಂದೊಂದು ಬಂದಾಗ ಅದರ ಬೇರು ಬಿಳಿಚಿಸುವ ಕ್ರೀಮುಗಳಲ್ಲಿ ಸಿಕ್ಕಿತು. ಅಲ್ಲಿಯ ಔಷಧ ನಿಯಂತ್ರಣ ಇಲಾಖೆ ಆಪರೇಷನ್ ಸೌಂದರ್ಯ ಎಂಬ ಹೆಸರಿನಲ್ಲಿ ದಾಳಿ ನಡೆಸಿತು. ಭಾರತದ ನಿಯಮದಂತೆ ಕಣ್ಣಿನ ಸುತ್ತ ಬಳಸುವವನ್ನು ಬಿಟ್ಟರೆ ಉಳಿದ ಸೌಂದರ್ಯವರ್ಧಕಗಳಲ್ಲಿ ಅರಿವಿಲ್ಲದೆ ಸೇರಿದ ಪಾದರಸ ಹತ್ತು ಲಕ್ಷದಲ್ಲಿ 1 ಭಾಗ ಮೀರುವಂತಿಲ್ಲ.

ಗ್ರಂಥೋಕ್ತ ಲೇಪವನ್ನೇ ಬಯಸುವವರು ಡಬ್ಬಿ ಹುಡುಕುವ ಬದಲು ಕಲಿತ ವೈದ್ಯರನ್ನು ಕೇಳಬಹುದು. ಕೊಪ್ಪದಲ್ಲೇ ಎ.ಎಲ್.ಎನ್. ರಾವ್ ಸ್ಮಾರಕ ಆಯುರ್ವೇದ ವೈದ್ಯಕೀಯ ಕಾಲೇಜು ಇದೆ. ಬಸುರಿಯರು, ಎದೆಹಾಲು ಕೊಡುವವರು ರೆಟಿನಾಲ್ ಇರುವ ಯಾವುದನ್ನೂ ವೈದ್ಯರನ್ನು ಕೇಳದೆ ಹಚ್ಚಬಾರದು. ಅಂಚು ಅಂಕುಡೊಂಕಾದ, ಬಣ್ಣ ಬದಲಾಗುತ್ತಿರುವ, ಬೆಳೆಯುತ್ತಿರುವ, ರಕ್ತ ಒಸರುವ ಕಲೆಗೂ, ಸ್ಪರ್ಶ ತಿಳಿಯದ ತಿಳಿಬಣ್ಣದ ಮಚ್ಚೆಗೂ ಲೇಪ ಹಚ್ಚಿ ದಿನ ಕಳೆಯದೆ ಚರ್ಮವೈದ್ಯರಿಗೆ ತೋರಿಸಬೇಕು.